ಎರಡನೇ ಭಾಗ ಯಾರ ಮಗ

ಭದ್ರಾವತಿ ಹಳೇನಗರದ ಷಡಕ್ಷರಪ್ಪನವರು ತಮ್ಮ ಜೀವಮಾನದಲ್ಲಿ ನಲವತ್ತೆರಡು ಮದುವೆ ಕುದುರಿಸಿದವರು. ನಲವತ್ತಮೂರನೆಯದು ಸ್ವಂತ ಮಗಳು ಅಕ್ಷರಾಳದ್ದು. ಅದಾದ ಮೇಲೆ ಯಾರೂ ಅವರನ್ನು ಒಂದು ಸಂಬಂಧಕ್ಕೂ ಕರೆಯಲಿಲ್ಲ. ಇದಕ್ಕೆಲ್ಲ ಮೂಲ ಒಂದು ವಿಡಿಯೋ ಗೇಮಿನ ಕ್ಯಾಸೆಟ್ಟು ಅಂದರೆ ನೀವು ನಗ್ತೀರಿ. ನಗಿ, ಪರವಾಗಿಲ್ಲ. ಊರಿನವರೂ ಮೊದಲು ನಕ್ಕವರೇ.

ಮನುಷ್ಯ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕಬ್ಬಿಣದ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ಯಾವ ನಟ್ಟು ಯಾವ ಬೋಲ್ಟಿಗೆ, ಯಾವ ಮೆಷೀನಿನ ಬೇರಿಂಗು ಯಾವ ಅಟ್ಟದಲ್ಲಿ, ಎಲ್ಲ ಬಾಯಿಪಾಠ. ಸಂಜೆ ಮನೆಗೆ ಬಂದು ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಅದೇ ಕೆಲಸವನ್ನು ಮನುಷ್ಯರಿಗೆ ಮಾಡುತ್ತಿದ್ದರು. ಯಾರ ಮನೆಯ ಹುಡುಗಿ ಯಾರ ಮನೆಯ ಹುಡುಗನಿಗೆ ಆಗ್ತಾಳೆ, ಯಾರಿಗೆ ಆಗೋದಿಲ್ಲ. ಕಾಸು ಮುಟ್ಟುತ್ತಿರಲಿಲ್ಲ. ಒಂದು ಶಾಲು, ಒಂದು ತೆಂಗಿನಕಾಯಿ, ಊಟದ ಪಂಕ್ತಿಯಲ್ಲಿ ಮೊದಲನೇ ಎಲೆ, ಇಷ್ಟು ಸಿಕ್ಕರೆ ಸಾಕು, ಆಸಾಮಿ ಎರಡು ದಿನ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅವರು ಹುಡುಗನ ಸಂಬಳ ಕೇಳುವ ಮೊದಲು ಬೆಡಗು ಕೇಳುತ್ತಿದ್ದರು. ಬೆಡಗು ಅಂದರೆ ಅವರ ಜನದಲ್ಲಿ ಮನೆತನದ ಬಳ್ಳಿ. ತಂದೆಯಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬೆಡಗಿನ ಹುಡುಗ ಹುಡುಗಿ ಎಷ್ಟೇ ದೂರದ ಊರಿನವರಾಗಲಿ, ಮುಖವೇ ನೋಡಿರದಿರಲಿ, ಅಣ್ಣ ತಂಗಿ ಲೆಕ್ಕ. ಕೊಡೋ ಹಾಗಿಲ್ಲ, ತರೋ ಹಾಗಿಲ್ಲ. ಒಂದು ಸಲ ಚಪ್ಪರ ಹಾಕಿ, ಅಡಿಗೆಯವರು ಒಲೆ ಹೂಡಿದ ಮೇಲೆ ಎರಡೂ ಕಡೆಯದು ಒಂದೇ ಬೆಡಗು ಅಂತ ಕಂಡುಹಿಡಿದು ಮದುವೆ ನಿಲ್ಲಿಸಿದ್ದರು. ಆ ಹುಡುಗಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತದ್ದನ್ನು ಇವರು ಯಾರಿಗೂ ಹೇಳುತ್ತಿರಲಿಲ್ಲ. ನಿಲ್ಲಿಸಿದ್ದನ್ನು ಮಾತ್ರ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು.

ತೊಂಬತ್ತಾರರಲ್ಲಿ ರಿಟೈರ್ ಆದರು. ಅದೇ ವರ್ಷ ತಂಗಿಯ ಮಗ ಪರಮೇಶ್ ಬಂದು ಇವರ ಮನೆಯ ಮುಂದಿನ ಕೋಣೆಯಲ್ಲಿ ಎರಡು ಟಿವಿ, ಎರಡು ಗೇಮಿನ ಡಬ್ಬಿ ಇಟ್ಟು ವಿಡಿಯೋ ಗೇಮ್ ಅಂಗಡಿ ತೆಗೆದ. ಆರು ತಿಂಗಳಿಗೆ ಅವನಿಗೆ ಮಲವಗೊಪ್ಪದ ಕಡೆ ಒಂದು ಕೆಲಸ ಸಿಕ್ಕಿತು. ‘ಮಾವಾ, ಒಂದೆರಡು ವಾರ ನೋಡ್ಕೊಳ್ಳಿ, ಬರ್ತೀನಿ’ ಅಂದು ಹೋದವನು ಹೋದ. ಷಡಕ್ಷರಪ್ಪನವರ ಹೆಂಡತಿ ಹಾಲಮ್ಮ ಹಣೆ ಚಚ್ಚಿಕೊಂಡರು. ‘ಲಿಂಗ ಹಿಡ್ಕೊಂಡು ಕೂರೋ ವಯಸ್ಸಲ್ಲಿ ಇದೇನ್ರೀ, ಇಡೀ ದಿನ ಟುಂಯ್ ಟುಂಯ್ ಅಂತ!’

ಷಡಕ್ಷರಪ್ಪನವರು ಟಿವಿಗೆ ಬೆನ್ನು ಹಾಕಿ ಪೇಪರ್ ಓದುತ್ತಾ ಕೂರುತ್ತಿದ್ದರು. ಹುಡುಗರು ಬರೋರು, ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದೋರು, ಡಬ್ಬಿಗೆ ಸಿಕ್ಕಿಸೋರು, ಆಡೋರು, ಹೋಗೋರು. ಇವರಿಗೆ ಏನೂ ಸಂಬಂಧ ಇರಲಿಲ್ಲ. ಒಂದು ದಿನ ಬೆನ್ನ ಹಿಂದೆ ಜಗಳ ಹತ್ತಿತು.

‘ಇದು ಅದರ ಎರಡನೇ ಭಾಗ ಅಲ್ವೇ ಅಲ್ಲ ಕಣೋ!’

‘ನೀನ್ಯಾವನೋ ಹೇಳೋಕೆ? ಎರಡು ಅಂತ ಮೇಲೆ ಬರ್ದಿಲ್ವಾ?’

‘ನಾನೂ ನನ್ನ ಬೆನ್ನ ಮೇಲೆ ಮಿನಿಸ್ಟ್ರು ಅಂತ ಬರ್ಕೊಂಡು ಬರ್ತೀನಿ, ಕೈ ಮುಗೀತೀಯಾ?’

ಷಡಕ್ಷರಪ್ಪನವರು ಪೇಪರ್ ಕೆಳಗಿಟ್ಟರು. ಕುರ್ಚಿ ತಿರುಗಿಸಿದರು. ಅವರ ಬಾಯಿಂದ ಬಂದದ್ದು ಅವರು ನೂರಾರು ಜಗಲಿಗಳ ಮೇಲೆ ಕೇಳಿದ್ದ ಅದೇ ಪ್ರಶ್ನೆ: ‘ಇರ್ರೋ, ಇರ್ರೋ. ಯಾರು ಯಾರಿಗೆ ಏನಾಗ್ಬೇಕು?’

ವಿಷಯ ಹೀಗಿತ್ತು. ಆ ಅಂಗಡಿಯಲ್ಲಿ ಎಲ್ಲರಿಗೂ ಪ್ರೀತಿಯ ಆಟ ‘ಗಣಿರಾಜ’. ಅದರ ಇಂಗ್ಲಿಷ್ ಹೆಸರು ಬೇರೆ ಇತ್ತು, ಹುಡುಗರು ಇಟ್ಟದ್ದು ಇದು. ತಲೆಗೆ ದೀಪದ ಟೋಪಿ ಹಾಕಿದ ಒಬ್ಬ ಗಿಡ್ಡ ಮನುಷ್ಯ, ಕೈಯಲ್ಲಿ ಪಿಕಾಸಿ, ಭೂಮಿ ಅಗೆಯುತ್ತಾ ಒಳಗೆ ಹೋಗುತ್ತಾನೆ. ಹಾವು ಬರುತ್ತೆ, ಬಂಡೆ ಬೀಳುತ್ತೆ, ಚಿನ್ನ ಸಿಗುತ್ತೆ. ಈಗ ಶಿವಮೊಗ್ಗದ ಗಾಂಧಿ ಬಜಾರಿನಿಂದ ಅದರ ಎರಡನೇ ಭಾಗ ಅಂತ ಎರಡು ಕ್ಯಾಸೆಟ್ಟು ಬಂದಿದ್ದವು, ಒಂದು ಹಳದಿ, ಒಂದು ನೀಲಿ. ಹಳದಿಯಲ್ಲಿ ಅದೇ ಗಣಿ, ಅದೇ ಹಾವು. ಬಂಡೆ ಮಾತ್ರ ಜಾಸ್ತಿ ಬೀಳುತ್ತಿದ್ದವು. ನೀಲಿಯಲ್ಲಿ ಗಣಿಯೇ ಇಲ್ಲ. ಗಣಿರಾಜ ತನ್ನ ಟೋಪಿ ಹಾಕಿಕೊಂಡು ಹೊಲದಲ್ಲಿ ಕೋಳಿ ಹಿಡಿಯುತ್ತಾ ಓಡುತ್ತಿದ್ದ. ಅಂಗಡಿಯ ಹುಡುಗರು ಎರಡು ಪಂಗಡವಾದರು. ನ್ಯೂಟೌನ್ ಕ್ವಾರ್ಟರ್ಸಿನ ಮುರಳಿ ಹಳದಿ ಪಂಗಡದ ಮುಖಂಡ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ನಿಂತರೆ ಎರಡೂ.

‘ತಾತಾ, ಕೋಳಿ ಹಿಡಿಯೋನು ಗಣಿರಾಜ ಹೆಂಗೆ ಆಗ್ತಾನೆ? ಮೋಸ ತಾತಾ! ಯಾವನೋ ಕೋಳಿಯವನಿಗೆ ನಮ್ಮ ಗಣಿರಾಜನ ಟೋಪಿ ಹಾಕಿ ಕಳಿಸಿದಾರೆ!’

ಷಡಕ್ಷರಪ್ಪನವರಿಗೆ ಎಲ್ಲಿಲ್ಲದ ಹುರುಪು ಬಂತು. ಎಷ್ಟೋ ತಿಂಗಳ ಮೇಲೆ ಅವರನ್ನು ಒಂದು ವಂಶದ ಪ್ರಶ್ನೆಗೆ ಕರೆದಿದ್ದರು. ‘ತರಾತುರಿ ಮಾಡ್ಬಾರ್ದು. ವಿಚಾರಣೆ ಆಗ್ಬೇಕು’ ಅಂದರು.

ವಿಚಾರಣೆ ಹತ್ತು ದಿನ ನಡೆಯಿತು. ಅಕ್ಷರಾ ಆಗ ಬಿ.ಕಾಂ. ಓದುತ್ತಿದ್ದಳು. ಕಾಲೇಜಿನಿಂದ ಬಂದವಳನ್ನು ಕೂರಿಸಿಕೊಂಡು ಆಟ ಶುರುವಾಗುವಾಗ ಪರದೆಯ ಮೇಲೆ ಬರುವ ಇಂಗ್ಲಿಷ್ ಓದಿಸಿದರು. ಮಾಡಿದ ಕಂಪನಿ ಯಾವುದು? ವರ್ಷ ಯಾವುದು? ಕಂಪನಿ ಅಂದರೆ ಅವರ ಲೆಕ್ಕದಲ್ಲಿ ತಂದೆ. ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಲೇ ಓದಿದಳು, ಬರೆದೂ ಕೊಟ್ಟಳು. ನೀಲಿಯ ಪರದೆಯ ಮೂಲೆಯಲ್ಲಿ ಬೇರೆ ಕಂಪನಿಯ ಹೆಸರೂ ಕೋಳಿಯವನ ಹಳೆಯ ಹೆಸರೂ ಅಳಿಸದೆ ಉಳಿದಿದ್ದವು. ಷಡಕ್ಷರಪ್ಪನವರು ಗಾಂಧಿ ಬಜಾರಿನ ಕ್ಯಾಸೆಟ್ ಅಂಗಡಿಗೇ ಹೋಗಿ ಕೇಳಿದರು. ಅಲ್ಲಿಯವನು ‘ಬಿಲ್ಕುಲ್ ಅಸಲಿ ಮಾಲು ಯಜಮಾನ್ರೇ, ಎರಡೂ ಅಸಲಿ’ ಅಂದ. ಹಾಗೆ ಅಂದವನ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಷ್ಟು ಪೆದ್ದರಲ್ಲ ಇವರು. ಆದರೆ ಅಲ್ಲೇ ಗಣಿರಾಜನ ಮೂರನೇ ಭಾಗವೂ ಸಿಕ್ಕಿತು. ಅದನ್ನು ತಂದರು. ಮುರಳಿಯ ಕೈಯಲ್ಲಿ ಆಡಿಸಿದರು.

ಹನ್ನೊಂದನೆಯ ದಿನ, ಭಾನುವಾರ, ಇಪ್ಪತ್ತು ಹುಡುಗರು ನೆಲದ ಮೇಲೆ, ಷಡಕ್ಷರಪ್ಪನವರು ಕುರ್ಚಿಯ ಮೇಲೆ. ಗಂಟಲು ಸರಿಮಾಡಿಕೊಂಡು ಹೇಳಿದರು.

‘ಹಳದೀದು ಮಗ ಅಲ್ಲ. ಅದು ಅಪ್ಪನೇ, ಅಂಗಿ ಬದಲಾಯಿಸ್ಕೊಂಡು ಎರಡನೇ ಸಲ ಊಟಕ್ಕೆ ಕೂತಿದಾನೆ. ಹೊಸದು ಏನಿದೆ ಅದ್ರಲ್ಲಿ? ನೀಲಿ ಹುಟ್ಟಿದ್ದು ಬೇರೆ ಮನೇಲಿ, ಅದು ನಿಜ. ಅದ್ರ ಕೋಳಿಯವನಿಗೆ ಬೇರೆ ಹೆಸರಿತ್ತು. ಈ ಮನೆಯವರು ಅವನನ್ನ ತಂದ್ಕೊಂಡ್ರು. ಮನೆತನದ ಹೆಸರಿಟ್ರು, ಟೋಪಿ ಹಾಕಿದ್ರು. ಸರಿ, ಈಗ ಮೂರನೇ ಭಾಗ ನೋಡಿ. ಗಣಿಯೊಳಗೆ ಕೋಳಿ ಬಂದಿದಾವೋ ಇಲ್ವೋ? ಬಂದಿದಾವೆ. ಎಲ್ಲಿಂದ ಬಂದ್ವು? ಇವನು ತಂದದ್ದು. ಮನೆ ಅವನನ್ನ ಒಪ್ಕೊಂಡಿದೆ, ಅವನ ಕೋಳಿನೂ ಒಪ್ಕೊಂಡಿದೆ, ನೀವ್ಯಾರ್ರೋ ಬೇಡ ಅನ್ನೋಕೆ? ದತ್ತು ಬಂದವನೂ ಮನೆ ಮಗನೇ. ನೀಲೀದೇ ಎರಡನೇ ಭಾಗ.’

ಮುರಳಿ ಎದ್ದುನಿಂತು, ಸೋತವನ ಮುಖ ಹಾಕಿಕೊಂಡೇ, ‘ಸರಿ ತಾತಾ, ಕೋಳಿ ವಿಷಯ ನಾನು ಯೋಚ್ನೆ ಮಾಡಿರ್ಲಿಲ್ಲ’ ಅಂದ. ಅಕ್ಷರಾ ತೀರ್ಪನ್ನು ಒಂದು ಉದ್ದ ನೋಟುಬುಕ್ಕಿನಲ್ಲಿ ದುಂಡು ಅಕ್ಷರದಲ್ಲಿ ಬರೆದಳು. ಷಡಕ್ಷರಪ್ಪನವರು ಕೆಳಗೆ ಸಹಿ ಮಾಡಿದರು. ಕಾರ್ಖಾನೆ ಬಿಟ್ಟ ಮೇಲೆ ಮೊದಲ ಸಹಿ ಅದು.

ಅಲ್ಲಿಂದ ಶುರುವಾಯ್ತು ನೋಡಿ. ಗಣಿರಾಜನ ತಮ್ಮನದ್ದು ಅಂತಲೇ ಒಂದು ಕಾರ್ ರೇಸಿನ ಆಟ ಬಂದಾಗ, ಅದು ನಾಲ್ಕನೇ ಭಾಗವಾ ಅಂತ ಹುಡುಗರು ಕೇಳಿದರು. ‘ಅಲ್ಲ, ಆಸ್ತಿ ಪಾಲಾಗಿ ಬೇರೆ ಒಲೆ ಹೂಡಿದವರು. ನಂಟು ಉಂಟು, ನಂಬರ್ ಇಲ್ಲ’ ಅಂದರು. ಎರಡು ಕಂಪನಿಗಳ ಗಟ್ಟಿಗರು ಒಂದೇ ಕ್ಯಾಸೆಟ್ಟಿನಲ್ಲಿ ಹೊಡೆದಾಡುವ ಆಟ ಬಂತು. ‘ಬೀಗರು! ಮದುವೆ ಮನೇಲಿ ಸೇರಿದಾರೆ, ನಾಳೆ ಅವರವರ ಮನೆಗೆ ಹೋಗ್ತಾರೆ. ಯಾರ ವಂಶಕ್ಕೂ ಸೇರಿಸ್ಬೇಡಿ.’ ಸಾವಿರಾರು ಆಟ ಒಂದರಲ್ಲೇ ಅಂತ ಬರೆದ ಕ್ಯಾಸೆಟ್ಟು ತೆಗೆದು ನೋಡಿದರೆ ಇದ್ದದ್ದು ಆರೇ ಆಟ. ಪ್ಯಾಂಟಿನ ಬಣ್ಣ ಬದಲಾಯಿಸಿ ಮತ್ತೆ ಮತ್ತೆ ಅವೇ. ‘ಒಬ್ಬನೇ ಮನುಷ್ಯ, ಹದಿನಾರು ರೇಷನ್ ಕಾರ್ಡು’ ಅಂತ ಪಕ್ಕಕ್ಕೆ ಎಸೆದರು. ನಾಲ್ಕು, ಐದು, ಆರು ಇಲ್ಲದೆಯೇ ಏಳನೇ ಭಾಗ ಬಂದಾಗ ಮಾತ್ರ ನಿಜವಾಗಿ ಸಿಟ್ಟು ಬಂತು. ‘ಹೆರದೆ ಇರೋ ಮಕ್ಕಳನ್ನ ಎಣಿಸ್ತಾರಲ್ಲ, ನಾಚಿಕೆ ಬೇಡ್ವಾ ಇವರಿಗೆ!’

ಶಿವಮೊಗ್ಗದಿಂದ ಹುಡುಗರು ಭಾನುವಾರ ಬಸ್ಸು ಹತ್ತಿ ಬರತೊಡಗಿದರು. ಗಾಂಧಿ ಬಜಾರಿನವನು ಹೊಸ ಮಾಲಿಗೆ ಚೀಟಿ ಅಂಟಿಸುವ ಮೊದಲು ಪಕ್ಕದ ಮನೆಯ ಫೋನಿಗೆ ಮಾಡಿ, ‘ಯಜಮಾನ್ರನ್ನ ಸ್ವಲ್ಪ ಕರೀರಿ, ಒಂದು ನಂಬರ್ ಕೇಳ್ಬೇಕಿತ್ತು’ ಅನ್ನುತ್ತಿದ್ದ. ಬೇರೆ ಅಂಗಡಿಗಳಲ್ಲಿ ಆಟ ಜಾಸ್ತಿ ಇದ್ದವು. ಇಲ್ಲಿ ಮಾತ್ರ ಪ್ರತಿ ಆಟಕ್ಕೂ ಅಪ್ಪ ಅಮ್ಮ ಇದ್ದರು. ಷಡಕ್ಷರಪ್ಪನವರು ಒಂದೇ ಒಂದು ದಿನ ಒಂದೇ ಒಂದು ಆಟ ಆಡಿದವರಲ್ಲ. ರಿಮೋಟ್ ಹಿಡಿದರೆ ಕರೆಂಟು ಹೊಡೆಯುತ್ತೆ ಅಂತ ಅವರ ನಂಬಿಕೆ.

ಹೀಗೇ ನಾಲ್ಕು ವರ್ಷ. ಅಕ್ಷರಾ ಓದು ಮುಗಿಸಿ ಶಿವಮೊಗ್ಗದಲ್ಲಿ ಒಂದು ಸಹಕಾರ ಸಂಘದ ಆಫೀಸಿಗೆ ಕೆಲಸಕ್ಕೆ ಸೇರಿದಳು. ಎರಡು ಸಾವಿರದ ಒಂದನೇ ಇಸವಿಯ ಒಂದು ಬೆಳಿಗ್ಗೆ, ಅಪ್ಪ ಕಾಫಿ ಕುಡಿಯುತ್ತಿರುವಾಗ, ಎದುರು ಬಂದು ನಿಂತಳು.

‘ಅಪ್ಪಾ, ನಮ್ಮ ಆಫೀಸಲ್ಲಿ ವೀರೇಂದ್ರ ಅಂತ ಇದಾರೆ. ರವೀಂದ್ರನಗರದವರು. ನಮ್ಮ ಜನಾನೇ. ನಾನು ಮದುವೆ ಆದ್ರೆ ಅವರನ್ನೇ ಆಗೋದು. ನೀವೇ ಹೋಗಿ ಕೇಳ್ಬೇಕು.’

ಬೇರೆ ಅಪ್ಪಂದಿರಾಗಿದ್ದರೆ ಕೈಯಲ್ಲಿದ್ದ ಲೋಟ ಬೀಳುತ್ತಿತ್ತು. ಇವರು ಕಾಫಿ ಮುಗಿಸಿ, ‘ಬೆಡಗು?’ ಅಂದರು.

ಅವಳು ಹೇಳಿದಳು. ಒಂದೇ ಬೆಡಗು.

ಷಡಕ್ಷರಪ್ಪನವರು ಲೋಟ ಕೆಳಗಿಟ್ಟರು. ಆಮೇಲೆ, ‘ಅಣ್ಣ ಆಗ್ತಾನಲ್ಲಮ್ಮಾ’ ಅಂದರು, ಅಷ್ಟೇ. ಅಕ್ಷರಾ ಅಳಲಿಲ್ಲ, ಕೂಗಾಡಲಿಲ್ಲ, ಊಟ ಬಿಡಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು. ಇವರು ತಂದ ಮೂರು ಗಂಡಿನ ಫೋಟೋಗಳನ್ನು ಮುಟ್ಟದೆ ಅಲ್ಲೇ ಮೇಜಿನ ಮೇಲೆ ಬಿಟ್ಟಳು. ಎರಡು ತಿಂಗಳಾಯಿತು. ಹಾಲಮ್ಮ ಒಂದು ದಿನ ಸಾರಿನ ಪಾತ್ರೆ ಕುಕ್ಕಿ ಹೇಳಿದರು, ‘ನಲವತ್ತೆರಡು ಮನೆ ದೀಪ ಹಚ್ಚಿದ್ರಿ. ನಮ್ಮನೇದು ನಿಮ್ಮ ಕೈಯಲ್ಲೇ ಆರತ್ತೆ ನೋಡ್ತಾ ಇರಿ.’

ಆ ಮಾತು ನಾಟಿತು. ಮಗಳನ್ನು ಅವರು ಪ್ರೀತಿಸುತ್ತಿದ್ದರು, ಅದರಲ್ಲಿ ಅನುಮಾನವೇ ಬೇಡ. ಆದರೆ ನಿಯಮ ಮುರಿಯುವುದು ಅವರ ಕೈಯಲ್ಲಿ ಆಗುವಂಥದ್ದಲ್ಲ. ಉಳಿದದ್ದು ಒಂದೇ ದಾರಿ, ನಿಯಮದೊಳಗೇ ಎಲ್ಲಾದರೂ ಒಂದು ಸಂದು ಹುಡುಕುವುದು. ಕೊಡೆ ಹಿಡಿದು ಹೊರಟರು. ಹುಡುಗನ ತಾಯಿ ದಾಕ್ಷಾಯಣಮ್ಮ, ಗಂಡ ತೀರಿಹೋಗಿ ಆರು ವರ್ಷ. ಆಕೆಯ ತವರಿನ ಕಡೆಯವರನ್ನು ಹುಡುಕಿಕೊಂಡು ತರೀಕೆರೆಗೆ ಹೋದರು. ಅಲ್ಲಿ ಒಬ್ಬ ಮುದುಕಿ, ಕಡಲೆಕಾಯಿ ಸುಲಿಯುತ್ತಾ, ಮಾತಿನ ನಡುವೆ ಅಂದಳು, ‘ಯಾವ ವೀರು? ಓ, ಆ ಸತ್ತವಳ ಮಗು. ದಾಕ್ಷಾಯಣಿ ತಂಗಿ ಹೆರಿಗೇಲಿ ಹೋದ್ಲು. ಗಂಡ ಇನ್ನೊಂದು ಮದುವೆ ಆದ. ಹನ್ನೊಂದು ದಿನದ ಕೂಸು, ದಾಕ್ಷಾಯಣಿ ಎತ್ಕೊಂಡು ಹೋದ್ಲು.’

ಷಡಕ್ಷರಪ್ಪನವರಿಗೆ ಆ ಮುದುಕಿಯ ಕಾಲಿಗೆ ಬೀಳಬೇಕು ಅನ್ನಿಸಿತು. ಕೇಳಿ ನೋಡಿದರೆ ಹೆತ್ತ ತಂದೆಯ ಬೆಡಗು ಬೇರೆ! ಹುಡುಗ ಅಣ್ಣ ಅಲ್ಲ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬರೇ ನಗುತ್ತಾ ಬಂದರು.

ಮನೆಗೆ ಬಂದು ಸುದ್ದಿ ಹೇಳಿದರೆ ಅಕ್ಷರಾ ನಗಲಿಲ್ಲ. ‘ನನಗೆ ಗೊತ್ತಿತ್ತು’ ಅಂದಳು.

‘ಗೊತ್ತಿತ್ತಾ? ಮತ್ತೆ ಎರಡು ತಿಂಗಳು ಬಾಯಿ ಯಾಕೆ ಹೊಲ್ಕೊಂಡಿದ್ದೆ ಮಾರಾಯ್ತಿ?’

‘ಅವರು ಆ ವಿಷಯ ಮಾತಾಡೋದೇ ಇಲ್ಲ ಅಪ್ಪಾ. ಅವರಿಗೆ ಅವರಮ್ಮ ಅಂದ್ರೆ ಅವರಮ್ಮ, ಅಷ್ಟೇ. ಅದನ್ನ ಹಿಡ್ಕೊಂಡು ಮದುವೆ ಮಾಡೋದು ಬೇಡ. ನನಗೆ ಅದು ಇಷ್ಟ ಇಲ್ಲ.’

‘ಇಷ್ಟ ಕಷ್ಟ ಅಲ್ಲಮ್ಮಾ, ಇದು ಕ್ರಮ’ ಅಂದರು ಷಡಕ್ಷರಪ್ಪನವರು, ಮತ್ತು ಅಂದೇ ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿದರು. ಅಯ್ಯನವರು ಮನೆತನದ ಶಾಸ್ತ್ರಗಳನ್ನೆಲ್ಲ ನಡೆಸಿಕೊಡುವ ಹಿರಿಯರು. ಗಡ್ಡ ನೀವಿಕೊಂಡು ಹೇಳಿದರು, ‘ದತ್ತು ಅಂತ ತಗೊಂಡಿದ್ರೆ ಸಾಕಿದ ತಂದೆ ಬೆಡಗೇ ಅವನಿಗೆ. ಆಗ ಆಗೋದಿಲ್ಲ. ಸುಮ್ನೆ ಸಾಕಿದ್ದು ಅಂತಾದ್ರೆ ಹೆತ್ತವನ ಬೆಡಗು, ಆಗತ್ತೆ. ಕಾಗದ ಪತ್ರ ಏನೂ ಇಲ್ಲ ಅಂತೀರಿ. ಆ ತಾಯಿ ನಾಲ್ಕು ಜನರ ಮುಂದೆ ಒಂದು ಮಾತು ಹೇಳ್ಲಿ, ಮಗ ಅಂತ ತಂದ್ಕೊಂಡದ್ದೋ, ಸಾಕಿದ್ದೋ ಅಂತ. ಸಾಕು.’

ಒಂದು ಮಾತು. ಷಡಕ್ಷರಪ್ಪನವರಿಗೆ ಇದು ಬಹಳ ಹಗುರ ಅನ್ನಿಸಿತು.

ಆದರೆ ಅವರು ಅಡ್ಡಾದಿಡ್ಡಿ ಮನುಷ್ಯರಲ್ಲವಲ್ಲ. ಎಲ್ಲ ಕಡೆ ಒಂದೇ ಅಳತೆ ಇರಬೇಕು. ಬೆಳಿಗ್ಗೆ ಅಂಗಡಿ ತೆಗೆದವರೇ ಉದ್ದ ನೋಟುಬುಕ್ಕು ಬಿಚ್ಚಿ, ನೀಲಿ ಕ್ಯಾಸೆಟ್ಟಿನ ತೀರ್ಪು ಹುಡುಕಿ, ‘ಮನೆ ಮಗನೇ’ ಅನ್ನುವುದರ ಮೇಲೆ ಗೀಟು ಹಾಕಿ, ‘ಸಾಕಿದವನು, ಮಗನಲ್ಲ’ ಅಂತ ಬರೆದರು. ಕ್ಯಾಸೆಟ್ಟಿನ ಮೇಲಿದ್ದ 2 ಅನ್ನು ಉಗುರಿನಿಂದ ಕೆರೆದು ತೆಗೆದರು. ಮಗಳ ಮದುವೆಗೋಸ್ಕರ ಒಂದು ವಿಡಿಯೋ ಗೇಮನ್ನು ಮನೆಯಿಂದ ಹೊರಗೆ ಹಾಕಿದ ಅಪ್ಪ ಈ ಭೂಮಿಯ ಮೇಲೆ ಇನ್ನೊಬ್ಬ ಇರಲಾರ.

ಹುಡುಗರು ಕೆರಳಿಬಿಟ್ಟರು. ಮುರಳಿಗೆ ಈಗ ಹತ್ತೊಂಬತ್ತು, ಐಟಿಐ ಓದುತ್ತಿದ್ದ, ಆಡುವುದಕ್ಕಿಂತ ಹರಟೆಗೇ ಬರುತ್ತಿದ್ದ. ಅವತ್ತು ಹಳದಿ ಪಂಗಡದವನಾಗಿದ್ದವನು ಇವತ್ತು ನೀಲಿಗಾಗಿ ಎದ್ದು ನಿಂತ.

‘ತಾತಾ, ಏನಿದು? ಎರಡನ್ನ ತೆಗೆದ್ರೆ ಮೂರು ಎಲ್ಲಿಂದ ಬಂತು? ಕೋಳಿ ಎಲ್ಲಿಂದ ಬಂದ್ವು? ನೀವೇ ಹೇಳಿದ್ದಲ್ವಾ?’

‘ಆವಾಗ ಪೂರ್ತಿ ವಿಚಾರ ಮಾಡಿರ್ಲಿಲ್ಲ.’

‘ಹತ್ತು ದಿನ ವಿಚಾರ ಮಾಡಿದ್ರಿ ತಾತಾ!’

‘ಲೋ, ಇದು ದೊಡ್ಡವರ ವಿಷಯ, ಸುಮ್ನಿರೋ!’ ಅಂತ ಗದರಿಸಿದರು. ಮುರಳಿ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವನ ಹಿಂದೆ ಎಲ್ಲರೂ. ಮೂರು ದಿನ ಆ ಅಂಗಡಿಗೆ ಒಂದು ನರಪಿಳ್ಳೆ ಬರಲಿಲ್ಲ. ಷಡಕ್ಷರಪ್ಪನವರು ಆರಿದ ಟಿವಿಗಳ ಮುಂದೆ ಕೂತು, ಕೋಳಿಯ ಪ್ರಶ್ನೆಗೆ ಉತ್ತರ ಹುಡುಕಿದರು. ಸಿಗಲಿಲ್ಲ. ಸಿಗದ್ದರಿಂದ ಆ ಪ್ರಶ್ನೆಯೇ ಸರಿಯಿಲ್ಲ ಅಂತ ತೀರ್ಮಾನಿಸಿದರು.

ನಾಲ್ಕನೆಯ ದಿನ ರವೀಂದ್ರನಗರಕ್ಕೆ ಹೋದರು. ದಾಕ್ಷಾಯಣಮ್ಮ ಸಣ್ಣ ಮೈಯ ಹೆಂಗಸು, ಮಾತು ಕಮ್ಮಿ. ಮಜ್ಜಿಗೆ ಕೊಟ್ಟು ಎದುರಿಗೆ ಕೂತರು. ಷಡಕ್ಷರಪ್ಪನವರು ಬೆಡಗು, ದತ್ತು, ಸಾಕುವುದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಹೇಳುವುದರಲ್ಲಿ ಅವರನ್ನು ಮೀರಿಸುವವರು ಯಾರು?

‘ಒಂದು ಮಾತು ಅಷ್ಟೇ ತಾಯೀ. ಸಾಕಿದ್ದು, ಮಗ ಅಲ್ಲ ಅಂತ ಹೇಳಿಬಿಡಿ. ಮಕ್ಕಳ ಮದುವೆ ಆಗಿಹೋಗತ್ತೆ.’

ದಾಕ್ಷಾಯಣಮ್ಮ ಖಾಲಿ ಲೋಟ ನೋಡುತ್ತಿದ್ದರು.

‘ಎಷ್ಟು ಜನ ಇರ್ತಾರೆ?’ ಅಂತ ಕೇಳಿದರು.

‘ಒಂದು ಹತ್ತು ಹದಿನೈದು ಜನ. ಅಯ್ಯನೋರು, ನಿಮ್ಮ ಕಡೆಯವರು, ನಮ್ಮ ಕಡೆಯವರು.’

‘ವೀರು ಇರ್ಲೇಬೇಕಾ?’

‘ಅವನದ್ದೇ ಒಪ್ಪಿಗೆ ಶಾಸ್ತ್ರ ಅಲ್ವಾ ತಾಯೀ, ಅವನಿಲ್ದೆ ಹೆಂಗೆ?’

‘ಹೇಳ್ತೀನಿ’ ಅಂದರು ದಾಕ್ಷಾಯಣಮ್ಮ. ಲೋಟ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಮನೆಯ ಹಾಲಿನಲ್ಲಿ ಜಮಖಾನ ಹಾಸಿತ್ತು. ಅಯ್ಯನವರು ನಡುವೆ. ಒಂದು ಕಡೆ ಹಾಲಮ್ಮ, ಅಕ್ಷರಾ, ನೆಂಟರು. ಇನ್ನೊಂದು ಕಡೆ ಬಿಳಿ ಅಂಗಿ ಹಾಕಿದ ವೀರೇಂದ್ರ, ಅವನ ಪಕ್ಕ ದಾಕ್ಷಾಯಣಮ್ಮ. ಒಳಗೆ ಹೋಳಿಗೆ ಬೇಯುವ ವಾಸನೆ. ಷಡಕ್ಷರಪ್ಪನವರು ವೀಳ್ಯದ ತಟ್ಟೆ ಸಿದ್ಧಮಾಡಿಟ್ಟುಕೊಂಡಿದ್ದರು. ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಹೆಣ್ಣಿನ ಅಪ್ಪ ಅದನ್ನು ಗಂಡಿನ ಹೆತ್ತವರ ಕೈಗೆ ಕೊಟ್ಟರೆ ಮಾತು ಮುಗಿದ ಹಾಗೆ.

ಅಯ್ಯನವರು ಕೇಳಿದರು, ‘ನೋಡಿ ತಾಯೀ, ಈ ಹುಡುಗನನ್ನ ನೀವು ಮಗ ಅಂತ ತಂದ್ಕೊಂಡದ್ದೋ, ಸಾಕಿದ್ದೋ?’

ವೀರೇಂದ್ರ ತಟ್ಟನೆ ತಲೆಯೆತ್ತಿದ. ಅವನಿಗಾಗಲಿ ಅಕ್ಷರಾಳಿಗಾಗಲಿ ಈ ಪ್ರಶ್ನೆ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ. ‘ಅಮ್ಮಾ, ಏನಿದು?’ ಅಂದ. ದಾಕ್ಷಾಯಣಮ್ಮ ಅವನ ಕಡೆ ನೋಡಲಿಲ್ಲ. ಎದುರಿಗೆ ಕೂತ ಅಕ್ಷರಾಳನ್ನು ನೋಡಿದರು.

‘ಸಾಕಿದ್ದು’ ಅಂದರು. ‘ನನ್ನ ತಂಗಿ ಮಗ. ನನ್ನ ಮಗ ಅಲ್ಲ.’

‘ಶಿವ ಶಿವಾ, ಎಲ್ಲ ಸರಿಹೋಯ್ತು’ ಅಂತ ಯಾರೋ ಅಂದರು. ನೆಂಟರು ಕಾಲು ಸಡಿಲ ಮಾಡಿ ಕೂತರು. ಅಯ್ಯನವರು ಹೆತ್ತ ತಂದೆಯ ಬೆಡಗು ಕೇಳಿ, ಬೇರೆ ಅಂತ ಖಾತ್ರಿ ಮಾಡಿಕೊಂಡು, ತಲೆಯಾಡಿಸಿದರು. ‘ವೀಳ್ಯ ಕೊಡಿ ಷಡಕ್ಷರಪ್ಪಾ.’ ಆಮೇಲೆ ಸುತ್ತ ನೋಡಿ, ‘ಗಂಡಿನ ಕಡೆಯಿಂದ ಯಾರು ತಗೋತಾರೆ? ಹೆತ್ತ ತಂದೆ ಕಡೆಯವರು ಯಾರಾದ್ರೂ ಬಂದಿದಾರಾ?’

ಯಾರೂ ಬಂದಿರಲಿಲ್ಲ. ಯಾರನ್ನೂ ಕರೆದೇ ಇರಲಿಲ್ಲ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳತೊಡಗಿದರು. ಫೋನ್ ಮಾಡಿ ಕರೆಸಿ. ಮಲತಾಯಿ ಮಗ ಒಬ್ಬ ಇದಾನಂತೆ. ಇಲ್ಲ, ಇನ್ನೊಂದು ದಿನ ಇಟ್ಕೊಳ್ಳೋಣ. ಈ ಗದ್ದಲದಲ್ಲಿ ದಾಕ್ಷಾಯಣಮ್ಮ ಮೆಲ್ಲಗೆ ಎದ್ದರು. ಮಗನ ಪಕ್ಕದ ಜಾಗ ಬಿಟ್ಟು, ಅಡಿಗೆಮನೆಯ ಬಾಗಿಲಿಗೆ ಹೋಗಿ, ಕೆಲಸಕ್ಕೆ ಬಂದ ನೆರೆಹೊರೆಯ ಹೆಂಗಸರ ಜೊತೆ ನಿಂತುಕೊಂಡರು. ಅವರದೇ ಮನೆ, ಅವರೇ ಹಾಸಿದ ಜಮಖಾನ. ವೀರೇಂದ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಷಡಕ್ಷರಪ್ಪನವರು ತಟ್ಟೆ ಹಿಡಿದು ನಿಂತೇ ಇದ್ದರು. ಖಾಲಿಯಾದ ಆ ಜಾಗವನ್ನು ನೋಡಿದರು. ಮಗಳ ಕಡೆ ನೋಡಿದರು. ಅಕ್ಷರಾ ಅವರನ್ನು ನೋಡುತ್ತಿದ್ದ ರೀತಿ ಇತ್ತಲ್ಲ, ಅಷ್ಟು ವರ್ಷದಲ್ಲಿ ಅವಳು ಒಂದು ದಿನವೂ ಅಪ್ಪನನ್ನು ಹಾಗೆ ನೋಡಿರಲಿಲ್ಲ. ನಾನು ಮಾಡಿದ್ದೇನು, ಅನ್ನಿಸಿತು. ಈ ತಾಯಿಯ ಮನೆಗೆ ಬಂದು, ಇವರ ಮಜ್ಜಿಗೆ ಕುಡಿದು, ಇವರ ಮಗನನ್ನೇ ಕಸಿದುಕೊಂಡೆ.

ಜಮಖಾನ ದಾಟಿ ಅಡಿಗೆಮನೆ ಬಾಗಿಲಿಗೆ ಹೋಗಿ ತಟ್ಟೆ ಚಾಚಿದರು. ‘ತಗೊಳ್ಳಿ ಬೀಗ್ತೀ’ ಅಂದರು.

‘ಏಯ್ ಷಡಕ್ಷರಪ್ಪಾ!’ ಅಯ್ಯನವರು ಕೂಗಿದರು. ‘ಈಗಷ್ಟೇ ಮಗ ಅಲ್ಲ ಅಂದ್ರಲ್ಲಯ್ಯಾ ಅವರು!’

‘ಸುಳ್ಳು ಹೇಳಿದ್ರು. ಹೇಳಿಸಿದ್ದು ನಾನು.’ ಷಡಕ್ಷರಪ್ಪನವರು ಚಾಚಿದ ತಟ್ಟೆ ಇಳಿಸಲಿಲ್ಲ. ‘ಅವನು ಇವರ ಮಗನೇ. ದತ್ತು ಬಂದವನೂ ಮನೆ ಮಗನೇ. ಬೆಡಗು ಒಂದೇ. ಒಂದೇ ಬೆಡಗಿಗೆ ನಾನು ನನ್ನ ಮಗಳನ್ನ ಕೊಡ್ತಾ ಇದೀನಿ. ಬೇಡ ಅನ್ನೋರು ಎದ್ದು ಹೋಗಬಹುದು.’

ಇಬ್ಬರು ನೆಂಟರು ಎದ್ದರು. ಅಯ್ಯನವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಒಂದು ಸಲ ನಿಂತು ನೋಡಿ, ಹೊರಟುಹೋದರು.

ದಾಕ್ಷಾಯಣಮ್ಮ ತಟ್ಟೆಗೆ ಕೈ ಚಾಚಲಿಲ್ಲ. ಷಡಕ್ಷರಪ್ಪನವರ ಮುಖವನ್ನೇ ನೋಡುತ್ತಿದ್ದರು. ಆಕೆಯ ಕಣ್ಣು ತುಂಬಿತ್ತು, ಧ್ವನಿಯಲ್ಲಿ ಮಾತ್ರ ಅಳು ಇರಲಿಲ್ಲ.

‘ಇಷ್ಟು ಹೇಳೋಕೆ ನಿಮಗೆ ಬಾಯಿ ಇತ್ತು ಷಡಕ್ಷರಪ್ಪೋರೇ. ಮತ್ತೆ ನನ್ನ ಬಾಯಲ್ಲಿ ಆ ಮಾತು ಯಾಕೆ ಆಡಿಸಿದ್ರಿ? ಇಪ್ಪತ್ತೇಳು ವರ್ಷದಲ್ಲಿ ನಾನು ಒಂದು ಸಲನೂ ಅದನ್ನ ಆಡಿರ್ಲಿಲ್ಲ.’

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ತಟ್ಟೆ ತೆಗೆದುಕೊಂಡರು.